ಯುಎಇಯಲ್ಲಿ ಕೆಲಸದ ಮೇಲೆ ಗಾಯವಾದರೆ ಮೊದಲ ಚೀಟಿಯಲ್ಲಿ ಏನು ಬರೆಸಬೇಕು

ಹೋದ ವಾರ ಕಾರಟಗಿಯ ಹುಡುಗನೊಬ್ಬ ಶಾರ್ಜಾದಿಂದ ಫೋನ್ ಮಾಡಿದ್ದ. ಸ್ಕ್ಯಾಫೋಲ್ಡಿಂಗ್ ಮೇಲಿಂದ ಜಾರಿ ಬಿದ್ದು ಮುಂಗೈ ಮುರಿದಿತ್ತು. ಆಸ್ಪತ್ರೆ ಹೊರಗೆ ಕೂತು ಮಾತಾಡುತ್ತಿದ್ದ. "ಅಣ್ಣಾ, ರೂಮಿನ ಬಾತ್‌ರೂಮ್‌ನ್ಯಾಗ ಬಿದ್ದೆ ಅಂತ ಹೇಳು ಅನ್ನಾಕತ್ತಾನ ನಮ್ಮ ಫೋರ್‌ಮನ್. ಏನ್ ಮಾಡ್ಲಿ?"

ಹಂಗೆ ಹೇಳಬೇಡ ಅಂದೆ. ಯಾಕೆ ಅನ್ನೋದನ್ನು ಫೋನಿನಲ್ಲಿ ಪೂರ್ತಿ ಬಿಡಿಸಿ ಹೇಳಲು ಆಗಲಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಹೋಗಿ ಅಲ್ಲಿ ಫಿಟ್ಟರ್, ವೆಲ್ಡರ್, ಹೆಲ್ಪರ್ ಆಗಿರುವ ಎಲ್ಲರಿಗೂ ಬೇಕಾಗುವ ವಿಷಯ, ಅದಕ್ಕೆ ಬರೆಯುತ್ತಿದ್ದೇನೆ.

ನಾನೂ ಅದೇ ಸುಳ್ಳು ಹೇಳಿದವನೇ. 2023ರಲ್ಲಿ ಅಬುಧಾಬಿಯ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಯಾರ್ಡಿನಲ್ಲಿದ್ದೆ. ಗ್ರೈಂಡರ್ ಡಿಸ್ಕ್ ಒಡೆದು ಎಡಗೈಯ ಎರಡು ಬೆರಳು ಕೊಯ್ದವು. ಗಾಡಿಯಲ್ಲಿ ಕರೆದೊಯ್ಯುವಾಗ ಸೂಪರ್‌ವೈಸರ್ ಹೇಳಿಕೊಟ್ಟ: ರೂಮಿನಲ್ಲಿ ಈರುಳ್ಳಿ ಹೆಚ್ಚುವಾಗ ಕೊಯ್ದುಕೊಂಡೆ ಅನ್ನು, ಉಳಿದದ್ದು ನಾನು ನೋಡ್ಕೋತೀನಿ. ಹಾಗೇ ಹೇಳಿದೆ. ಮಲಯಾಳಿ ನರ್ಸ್ ಒಬ್ಬರು ಗಾಯ ತೊಳೆಯುತ್ತಿದ್ದರು. ಹತ್ತಿಯನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ರಕ್ತದ ಜೊತೆ ಕಪ್ಪು ಕಬ್ಬಿಣದ ಪುಡಿ. "ಈರುಳ್ಳಿಯಲ್ಲಿ ಇದು ಎಲ್ಲಿಂದ ಬಂತು ಭಾಯಿ?" ಅಂತ ಹಿಂದಿಯಲ್ಲಿ ಕೇಳಿದರು. ಸೂಪರ್‌ವೈಸರ್ ಪರದೆಯ ಆಚೆ ಇದ್ದ. ಮೆಲ್ಲಗೆ ನಿಜ ಹೇಳಿದೆ. ಅವರು ಕಾಗದದಲ್ಲಿ ಅದನ್ನೇ ಬರೆದರು. ಆಮೇಲೆ ನನಗೆ ನಾಲ್ಕು ತಿಂಗಳು ಪೂರ್ತಿ ಸಂಬಳ ಬಂದದ್ದು ಆ ಒಂದು ಸಾಲಿನಿಂದ.

ಲೆಕ್ಕ ನೋಡಿ. ಯುಎಇಯ ಕಾರ್ಮಿಕ ಕಾನೂನು 2021ರ 33ನೇ ನಂಬರಿನದು, 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ರೂಮಿನಲ್ಲಿ ಬಿದ್ದೆ ಎಂದರೆ ಅದು ಮಾಮೂಲಿ ಸಿಕ್ ಲೀವ್. ವರ್ಷಕ್ಕೆ 90 ದಿನ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದಕ್ಕೆ ಸೊನ್ನೆ. ಕೆಲಸದಲ್ಲಿ ಆದ ಗಾಯ ಎಂದರೆ ವಾಸಿಯಾಗುವ ತನಕ ಚಿಕಿತ್ಸೆಯ ಖರ್ಚು ಕಂಪನಿಯದು. ಸಂಬಳ 6 ತಿಂಗಳವರೆಗೆ ಪೂರ್ತಿ, ಆಗಲೂ ವಾಸಿಯಾಗದಿದ್ದರೆ ಇನ್ನೂ 6 ತಿಂಗಳು ಅರ್ಧ. ಅದೇ ಕೈ, ಅದೇ ಮುರಿತ. ಬಾಯಿಂದ ಬಂದ ಮಾತಷ್ಟೇ ಬೇರೆ.

ತೋರಣಗಲ್ಲಿನಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಮಾಡಿ ಹೋದವರಿಗೆ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಗೊತ್ತು. ಸಂಬಳದಲ್ಲಿ ಒಂದಿಷ್ಟು ಹಿಡಿಯುತ್ತಾರೆ, ಗಾಯವಾದರೆ ಇಎಸ್‌ಐ ಕಡೆಯಿಂದ ದುಡ್ಡು ಬರುತ್ತದೆ. ಯುಎಇಯಲ್ಲಿ ಹಾಗಲ್ಲ. ನಿಮ್ಮ ಸಂಬಳದಲ್ಲಿ ಇದಕ್ಕೆ ಏನೂ ಹಿಡಿಯುವುದಿಲ್ಲ, ಕೊಡಬೇಕಾದವನು ಕಂಪನಿಯವನೇ. ಗಾಯವನ್ನು ರೂಮಿಗೆ ಕಳಿಸುವ ಆಸೆ ಅವರಿಗೆ ಯಾಕೆ ಅಂತ ಈಗ ತಿಳಿಯಿತಲ್ವಾ?

ಹಾಗಾಗಿ ಮೊದಲ ದಿನವೇ ಆಸ್ಪತ್ರೆಯ ಕಾಗದದಲ್ಲಿ ಮೂರು ಮಾತು ಬರೆಸಿ: ಕೆಲಸದ ಮೇಲೆ ಆಯಿತು, ಯಾವ ಸೈಟಿನಲ್ಲಿ, ಎಷ್ಟು ಹೊತ್ತಿಗೆ. ಅದರ ಫೋಟೋ ತೆಗೆದು ಊರಿಗೆ ವಾಟ್ಸಾಪ್ ಮಾಡಿಬಿಡಿ, ಮೊಬೈಲ್ ಕಳೆದರೂ ಇರುತ್ತದೆ. ಬಿದ್ದ ಜಾಗ, ಒಡೆದ ಡಿಸ್ಕು, ಹರಿದ ಗ್ಲೌಸ್, ಎಲ್ಲದರ ಫೋಟೋ ಇರಲಿ. ಸೂಪರ್‌ವೈಸರ್‌ಗೂ ಒಂದು ಮೆಸೇಜ್ ಹಾಕಿ, 'ಇವತ್ತು ಇಂಥ ಕೆಲಸದಲ್ಲಿ ಪೆಟ್ಟಾಯಿತು' ಎಂದು. ಕಂಪನಿ 48 ಗಂಟೆಯೊಳಗೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಆ ಇಲಾಖೆಗೆ ಅಲ್ಲಿ ಎಲ್ಲರೂ ಮೊಹ್ರೆ ಅನ್ನುತ್ತಾರೆ. ದೊಡ್ಡ ಗಾಯವಾದರೆ ಪೊಲೀಸರೂ ಬಂದು ಕೇಳಬಹುದು. ಹೆದರಬೇಡಿ, ಅವರ ರಿಪೋರ್ಟ್ ನಿಮಗೇ ಅನುಕೂಲ. ಅರಬ್ಬಿಯಲ್ಲಿ ಬರೆದದ್ದಕ್ಕೆ ಮಾತ್ರ ಓದಿಸಿ ಕೇಳದೆ ಸಹಿ ಹಾಕಬೇಡಿ. ಬಳ್ಳಾರಿ, ರಾಯಚೂರಿನ ಬಹಳ ಜನಕ್ಕೆ ತೆಲುಗು, ಹಿಂದಿ ಬರುತ್ತವೆ, ಅರಬ್ಬಿ ಓದಿ ಆ ಭಾಷೆಯಲ್ಲಿ ಹೇಳುವವರನ್ನು ಹುಡುಕಿ. ಆಂಬುಲೆನ್ಸ್‌ಗೆ 998.

ಕಂಪನಿಯ ಬಸ್ಸಿನಲ್ಲಿ ಕ್ಯಾಂಪಿನಿಂದ ಸೈಟಿಗೆ ಹೋಗುವಾಗ ಅಪಘಾತವಾದರೆ? ಅದೂ ಕೆಲಸದ ಗಾಯವೇ. ಮಾಮೂಲಿ ದಾರಿ ಬಿಟ್ಟು ಎಲ್ಲೋ ಹೋಗಿರಬಾರದು, ಅಷ್ಟೇ. ಬಿಸಿಲಿಗೂ ಒಂದು ನಿಯಮ ಇದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನಾವು ರಾಯಚೂರು ಬಿಸಿಲು ಕಂಡವರು ಅಂತ ಜಂಬ ಬೇಡ. ಅಲ್ಲಿನ ಬಿಸಿಲಿನಲ್ಲಿ ಸೆಕೆ ಸೇರಿರುತ್ತದೆ, ಬೆವರು ಆರುವುದೇ ಇಲ್ಲ.

ಪರಿಹಾರ ಕೊಡದೆ ಇರಲು ಕಂಪನಿಗೆ ಕೆಲವು ಕಾರಣ ಕಾನೂನಿನಲ್ಲೇ ಇವೆ. ಬೇಕಂತಲೇ ಗಾಯ ಮಾಡಿಕೊಂಡದ್ದು, ಕುಡಿದು ಅಥವಾ ನಶೆಯಲ್ಲಿದ್ದದ್ದು, ಕಾಣುವಂತೆ ಹಾಕಿದ ಸುರಕ್ಷತಾ ಸೂಚನೆಯನ್ನು ಬೇಕಂತಲೇ ಮೀರಿದ್ದು. ಕೊನೆಯದೇ ಜಾಸ್ತಿ ಬರುವ ತಕರಾರು. ಬೇಗ ಆಗಲಿ ಅಂತ ಗ್ರೈಂಡರ್ ಗಾರ್ಡ್ ತೆಗೆಸುವವರೇ ನಾಳೆ "ಇವನೇ ತೆಗೆದ" ಅನ್ನುತ್ತಾರೆ. ಗಾರ್ಡ್ ತೆಗೆಯಬೇಡಿ, ಬೈಸಿಕೊಂಡರೂ ಪರವಾಗಿಲ್ಲ.

ಶಾಶ್ವತವಾಗಿ ಪೂರ್ತಿ ಊನವಾದರೆ ಅಥವಾ ಜೀವವೇ ಹೋದರೆ ಸಿಗುವ ಪರಿಹಾರ 24 ತಿಂಗಳ ಮೂಲ ವೇತನ. 18,000 ದಿರ್ಹಮ್‌ಗಿಂತ ಕಡಿಮೆ ಇರುವಂತಿಲ್ಲ, 2 ಲಕ್ಷ ಮೀರುವಂತಿಲ್ಲ. ಇಲ್ಲಿ ಎಡವುವುದು ಮೂಲ ವೇತನದಲ್ಲಿ. ಕೈಗೆ 1,500 ದಿರ್ಹಮ್ ಬರುತ್ತಿರಬಹುದು, ಆದರೆ ಕರಾರಿನಲ್ಲಿ ಬೇಸಿಕ್ 700, ಉಳಿದದ್ದು ಭತ್ಯೆ ಎಂದಿದ್ದರೆ ಲೆಕ್ಕ 16,800ಕ್ಕೇ ನಿಲ್ಲುತ್ತದೆ, ಕನಿಷ್ಠ ಮಿತಿಯಿಂದಾಗಿ 18,000 ಸಿಗುತ್ತದೆ. ಬೇಸಿಕ್ 1,000 ಇದ್ದರೆ 24,000. ಒಂದು ಬೆರಳಿನಂಥ ಭಾಗಶಃ ಊನಕ್ಕೆ ಇದರಲ್ಲಿ ಶೇಕಡಾ ಇಷ್ಟು ಅಂತ ಪಟ್ಟಿ ಇದೆ. ನನ್ನ ತೋರುಬೆರಳು ಇವತ್ತಿಗೂ ಪೂರ್ತಿ ಮಡಚಲ್ಲ. ಅದಕ್ಕೆ ಬಂದ ದುಡ್ಡು ನೋಡಿದಾಗಲೇ, ಕರಾರಿಗೆ ಸಹಿ ಹಾಕುವ ದಿನ ಬೇಸಿಕ್ ಎಷ್ಟು ಅಂತ ಕೇಳಬೇಕಿತ್ತು ಅನ್ನಿಸಿದ್ದು. ಆಫರ್ ಲೆಟರ್ ಹಿಂದಿ, ತಮಿಳು, ಮಲಯಾಳಂನಲ್ಲಿ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಹಿಂದಿಯದನ್ನು ಕೇಳಿ ಪಡೆಯಿರಿ. ಕರಾರು ಮೊಹ್ರೆ ಆಪ್‌ನಲ್ಲೂ ನೋಡಬಹುದು.

ಇನ್ನು ಸಿಹಿ ಮಾತಿನ ವಿಷಯ. ಪ್ಲಾಸ್ಟರ್ ಹಾಕಿದ ಎರಡನೇ ವಾರಕ್ಕೆ ಕಂಪನಿಯವರು ಬರುತ್ತಾರೆ. "ಊರಿಗೆ ಹೋಗಿ ಆರಾಮಾಗು, ಟಿಕೆಟ್ ನಾವೇ ಕೊಡ್ತೀವಿ." ಮನೆ ನೆನಪಿಗೆ ಕಣ್ಣು ತುಂಬಿರುತ್ತದೆ, ಯಾರಿಗಾದರೂ ಹೂಂ ಅನ್ನಬೇಕು ಅನಿಸುತ್ತದೆ. ಆದರೆ ಟಿಕೆಟ್ ಜೊತೆ ಒಂದು ಕಾಗದ ಬರುತ್ತದೆ, 'ನನಗೆ ಬರಬೇಕಾದ್ದೆಲ್ಲ ಬಂದಿದೆ' ಅಂತ. ಅದಕ್ಕೆ ಸಹಿ ಹಾಕಿ ವಿಮಾನ ಹತ್ತಿದರೆ, ಗಂಗಾವತಿಯಲ್ಲಿ ಕೂತು ಅಲ್ಲಿನ ಕೇಸ್ ನಡೆಸುವುದು ಬಲು ಕಷ್ಟ. ಊನ ಎಷ್ಟು ಶೇಕಡಾ ಅನ್ನುವ ಕೊನೆಯ ವೈದ್ಯಕೀಯ ವರದಿ ಕೈಗೆ ಬರುವವರೆಗೆ ಹೊರಡಬೇಡಿ. ಪಾಸ್‌ಪೋರ್ಟ್ ಕಂಪನಿ ಇಟ್ಟುಕೊಂಡಿದ್ದರೆ ಕೇಳಿ, ಅದನ್ನು ಹಿಡಿದಿಡಲು ಅವರಿಗೆ ಹಕ್ಕಿಲ್ಲ.

ಕೊಡದಿದ್ದರೆ ಮೊಹ್ರೆಗೆ ದೂರು, ಆಪ್‌ನಲ್ಲಾಗಲಿ 600590000ಕ್ಕೆ ಫೋನ್ ಮಾಡಿಯಾಗಲಿ. 50,000 ದಿರ್ಹಮ್ ಒಳಗಿನ ತಕರಾರನ್ನು ಇಲಾಖೆಯೇ ತೀರ್ಮಾನಿಸಬಹುದು. ಅದಕ್ಕಿಂತ ಜಾಸ್ತಿಯದು ಕೋರ್ಟಿಗೆ ಹೋಗುತ್ತದೆ, 1 ಲಕ್ಷದವರೆಗೆ ಕೋರ್ಟ್ ಫೀ ಇಲ್ಲ. ಕೆಲಸ ಬಿಟ್ಟ ದಿನದಿಂದ 2 ವರ್ಷದೊಳಗೆ ಕೇಳಬೇಕು. ಮನೆಗೆಲಸದವರಿಗೆ ಮತ್ತು ಡಿಐಎಫ್‌ಸಿ, ಎಡಿಜಿಎಂ ಎಂಬ ಎರಡು ಫ್ರೀ ಝೋನ್‌ಗಳಿಗೆ ಕಾನೂನು ಬೇರೆ. ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ದುಬೈಯಲ್ಲಿದೆ, 800 46342 ಟೋಲ್ ಫ್ರೀ, ಹಿಂದಿಯಲ್ಲಿ ಮಾತಾಡಬಹುದು.

ಹತ್ತನೇ ಕ್ಲಾಸ್ ಪಾಸಾಗದೆ ಇಸಿಆರ್ (ಹೊರಡುವ ಮುನ್ನ ಸರ್ಕಾರದ ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿನಲ್ಲಿ ಹೋದವರು ಇನ್ನೊಂದು ಮರೆಯುತ್ತಾರೆ. ಹೊರಡುವಾಗ ಏಜೆಂಟ್ ಮಾಡಿಸುವ ಪ್ರವಾಸಿ ಭಾರತೀಯ ಬಿಮಾ ಯೋಜನೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಊನವಾದರೆ 10 ಲಕ್ಷ ರೂಪಾಯಿ. ಕಂಪನಿ ಕೊಡುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡೂ ಕೇಳಬಹುದು. ಆ ಪಾಲಿಸಿ ಮನೆಯ ಟ್ರಂಕಿನಲ್ಲಿರಲಿ, ಎಲ್ಲಿದೆ ಅಂತ ಹೆಂಡತಿಗೋ ಅವ್ವನಿಗೋ ಗೊತ್ತಿರಲಿ.

ಕಾರಟಗಿಯ ಹುಡುಗ ರಾತ್ರಿ ಕಾಗದದ ಫೋಟೋ ಕಳಿಸಿದ. ಕೆಲಸದ ಗಾಯ ಅಂತ ಬರೆಸಿದ್ದ. ಸೈಟಿನ ಹೆಸರು ಮಾತ್ರ ಖಾಲಿ ಇತ್ತು. ಬೆಳಿಗ್ಗೆ ಮತ್ತೆ ಹೋಗಿ ಬರೆಸಿಕೊಂಡು ಬಾ ಅಂದೆ.