ಸ್ಕೂಬಾ ಫಾರಂನಲ್ಲಿ ‘ಹೌದು’ ಅಂತ ಗುರುತು ಹಾಕಿದ ಮೇಲೆ

ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವ ಡೈವಿಂಗ್ ಕೋರ್ಸಿಗೆ ಸೇರುವಾಗ ಆರೋಗ್ಯದ ಫಾರಂ ಕೊಟ್ಟರು. ಮೊದಲ ಪುಟದಲ್ಲಿ 10 ಪ್ರಶ್ನೆ. ಕೆಲವು ತಿಂಗಳ ಹಿಂದೆ ಉಬ್ಬಸ ಬಂದು ಓಡುವುದನ್ನೇ ನಿಲ್ಲಿಸಿದ್ದೆ. ಹಾಗಾಗಿ ಉಸಿರಾಟದ ತೊಂದರೆಯ ಪ್ರಶ್ನೆಗೆ ‘ಹೌದು’ ಅಂತ ಗುರುತು ಹಾಕಿದೆ. ಡಾಕ್ಟರ್ ಸಹಿ ಇಲ್ಲದೆ ನೀರಿಗೆ ಇಳಿಸಲ್ಲ ಅಂದರು. ‘ಸುಮ್ನೆ ಇಲ್ಲ ಅಂತ ಬರೆಯಬೇಕಿತ್ತು’ ಅಂದವರೂ ಇದ್ದಾರೆ.

ನಮ್ಮ ಮಾಮೂಲಿ ಡಾಕ್ಟರ್ ಫಾರಂ ನೋಡಿ ಹಿಂಜರಿದರು. ಡೈವಿಂಗ್ ಬಗ್ಗೆ ಗೊತ್ತಿಲ್ಲದೆ ಸಹಿ ಹೇಗೆ ಹಾಕಲಿ ಅಂದರು. ತಪ್ಪೇನಲ್ಲ ಬಿಡಿ. ಫಾರಂ ಜೊತೆಗೆ ವೈದ್ಯರಿಗಾಗಿಯೇ ಮಾರ್ಗದರ್ಶಿ ಇರುತ್ತದೆ ಅಂತ ನನಗೆ ಆಮೇಲೆ ತಿಳಿಯಿತು. ಅದನ್ನು ಪ್ರಿಂಟ್ ಮಾಡಿಸಿ, ಇನ್‌ಹೇಲರ್ ಚೀಟಿ ಸಮೇತ ಶ್ವಾಸಕೋಶದ ತಜ್ಞರ ಹತ್ತಿರ ಹೋದೆ.

ಅವರು ವಿಷಯ ಬಿಡಿಸಿ ಹೇಳಿದರು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಕಿರಿದಾದ ಉಸಿರುನಾಳದಲ್ಲಿ ಅದು ಸಿಕ್ಕಿಬಿದ್ದರೆ ಶ್ವಾಸಕೋಶವೇ ಹರಿಯಬಹುದು. ಕೇಳಿ ಮೈ ಜುಂ ಅಂತು! ಸ್ಪೈರೋಮೆಟ್ರಿ (ಜೋರಾಗಿ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿದರು, ಟ್ರೆಡ್‌ಮಿಲ್ ಮೇಲೆ ಓಡಿಸಿ ಮತ್ತೊಮ್ಮೆ ಊದಿಸಿದರು. ಎರಡೂ ಸರಿಯಿತ್ತು, ಉಬ್ಬಸವೂ ಹತೋಟಿಯಲ್ಲಿತ್ತು. ಸಹಿ ಸಿಕ್ಕಿತು.

ಉಬ್ಬಸ ಮರಳಿದರೆ ಡೈವಿಂಗ್ ನಿಲ್ಲಿಸಿ ಮತ್ತೆ ಬನ್ನಿ ಅಂದಿದ್ದಾರೆ.