ಪ್ರಿಫರೆನ್ಸ್ ಶೇರು ಕೊಡುವ ಮುಂಚೆ ನಿಮ್ಮ ಪಾಲು ಹೀಗೆ ಲೆಕ್ಕ ಹಾಕಿ

ಕಲಬುರಗಿಯಲ್ಲಿ ಅಣ್ಣತಮ್ಮಂದಿರು ಸೇರಿ ತೊಗರಿಬೇಳೆ ಪ್ಯಾಕ್ ಮಾಡಿ ಮಾರುವ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೀರಿ ಅಂದುಕೊಳ್ಳಿ. ನಿಮ್ಮ ಮನೆಯವರ ಹತ್ತಿರ 80,000 ಈಕ್ವಿಟಿ ಶೇರು, ಅಂದರೆ ಮಾಲೀಕತ್ವದ ಸಾಮಾನ್ಯ ಶೇರು ಇವೆ. ಒಬ್ಬ ಹೂಡಿಕೆದಾರರು 20 ಲಕ್ಷ ರೂಪಾಯಿ ಹಾಕುತ್ತಾರೆ. ಆದರೆ ಈಕ್ವಿಟಿ ಬೇಡ, 100 ರೂಪಾಯಿಗೆ ಒಂದರಂತೆ 20,000 ಕನ್ವರ್ಟಿಬಲ್ ಪ್ರಿಫರೆನ್ಸ್ ಶೇರು ಕೊಡಿ ಅನ್ನುತ್ತಾರೆ. ಅಂದರೆ ಡಿವಿಡೆಂಡ್‌ನಲ್ಲಿ ಮೊದಲ ಹಕ್ಕಿರುವ, ಮುಂದೆ ಈಕ್ವಿಟಿಯಾಗಿ ಬದಲಾಗಬಲ್ಲ ಶೇರು.

ಮೊದಲು, ಆ ಶೇರುಗಳೆಲ್ಲ ಇವತ್ತೇ ಈಕ್ವಿಟಿ ಆದವು ಅಂತ ಇಟ್ಟುಕೊಂಡು ಕೂಡಿಸಿ. ಒಟ್ಟು 1,00,000, ನಿಮ್ಮದು ಶೇ 80. ನೌಕರರಿಗೆ ಅಂತ ಶೇರು ಎತ್ತಿಟ್ಟಿದ್ದರೆ ಅದನ್ನೂ ಸೇರಿಸಿ.

ಇಷ್ಟು ಎಲ್ಲರೂ ಮಾಡುತ್ತಾರೆ. ಪಾಲು ಕರಗೋದು ಆಂಟಿ ಡೈಲ್ಯೂಷನ್ ಅನ್ನುವ ಷರತ್ತಿನಲ್ಲಿ, ಅಂದರೆ ಮುಂದೆ ಕಡಿಮೆ ರೇಟಿಗೆ ಶೇರು ಕೊಟ್ಟರೆ ಹಳೆಯ ಹೂಡಿಕೆದಾರರನ್ನು ಕಾಯುವ ಷರತ್ತಿನಲ್ಲಿ. ಅದನ್ನು ಪ್ರತಿ ಪದ ಓದಿ. ಮಳೆ ಕೈಕೊಟ್ಟು ತೊಗರಿ ದುಬಾರಿಯಾಗಿ, ಖರೀದಿಗೆ ದುಡ್ಡಿಲ್ಲದೆ ಮುಂದಿನ ವರ್ಷ ನೀವು ಇನ್ನೊಬ್ಬರಿಗೆ 50 ರೂಪಾಯಿಯಂತೆ 20,000 ಶೇರು ಕೊಟ್ಟಿರಿ ಅನ್ನೋಣ. ಷರತ್ತೇ ಇಲ್ಲದಿದ್ದರೆ ನಿಮಗೆ ಶೇ 66.7 ಉಳಿಯುತ್ತದೆ. ಫುಲ್ ರ್‍ಯಾಚೆಟ್ ಅನ್ನುವ ಬಗೆಯ ಷರತ್ತು ಇದ್ದರೆ ಹಳೆಯ ಹೂಡಿಕೆದಾರರ ಶೇರು ಈಕ್ವಿಟಿ ಆಗುವ ರೇಟೂ 50ಕ್ಕೆ ಇಳಿಯುತ್ತದೆ, ಅವರು ಒಂದು ರೂಪಾಯಿ ಜಾಸ್ತಿ ಹಾಕದೆ 20,000 ಶೇರು 40,000 ಆಗುತ್ತದೆ, ನಿಮ್ಮದು ಶೇ 57.1ಕ್ಕೆ ಬರುತ್ತದೆ. ಹೊಸಬರು ಕೊಂಡಿದ್ದು ನೂರೇ ಶೇರು ಆಗಿದ್ದರೂ ಹಳಬರ ಶೇರು ದುಪ್ಪಟ್ಟೇ. ಇದು ಅನ್ಯಾಯ ಅಲ್ವಾ? ಇದಕ್ಕೆ ದಯವಿಟ್ಟು ಒಪ್ಪಬೇಡಿ.

ಬದಲಿಗೆ ಬ್ರಾಡ್ ಬೇಸ್ಡ್ ವೆಯ್ಟೆಡ್ ಆವರೇಜ್ ಕೇಳಿ. ಇದರಲ್ಲಿ ಹೊಸ ಶೇರು ಎಷ್ಟು ಕೊಟ್ಟಿರಿ ಅನ್ನುವುದಕ್ಕೆ ತಕ್ಕಷ್ಟೇ ರೇಟು ಇಳಿಯುತ್ತದೆ. ಹಳೆಯ ರೇಟಿನಲ್ಲಾಗಿದ್ದರೆ ಹೊಸಬರು ಹಾಕಿದ 10 ಲಕ್ಷಕ್ಕೆ 10,000 ಶೇರು ಬರುತ್ತಿತ್ತು, ಈಗ ಕೊಟ್ಟಿದ್ದು 20,000. ಎರಡಕ್ಕೂ ಮೊದಲಿನ 1,00,000 ಕೂಡಿಸಿ, 100 ಅನ್ನು 1,10,000ದಿಂದ ಗುಣಿಸಿ 1,20,000ದಿಂದ ಭಾಗಿಸಿ. ಹೊಸ ರೇಟು 91.67. ಅವರಿಗೆ ಸುಮಾರು 21,818 ಶೇರು, ನಿಮಗೆ ಶೇ 65.7. ಒಂದು ಪದ ಬದಲಾದರೆ ಹೆಚ್ಚುಕಡಿಮೆ ಶೇ 9ರಷ್ಟು ಪಾಲು ಉಳಿಯಿತು!

ಡಿವಿಡೆಂಡ್ ಸಾಲು ಸಹ ನೋಡಿ. ಕೊಡದ ಡಿವಿಡೆಂಡ್ ಕೂಡುತ್ತಾ ಹೋಗಿ ಅದೂ ಶೇರಾಗಿ ಬದಲಾಗುತ್ತದೆ ಅಂತ ಬರೆದಿದ್ದರೆ, ವರ್ಷ ಕಳೆದಂತೆ ನಿಮ್ಮ ಪಾಲು ಸದ್ದಿಲ್ಲದೆ ಸವೆಯುತ್ತದೆ.

ಇದನ್ನೆಲ್ಲ ಮಾತಾಡಬೇಕಾದ್ದು ಈ ಶೇರು ಕೊಡಲು ಶೇರುದಾರರು ಮತ ಹಾಕಿ ಮಾಡುವ ವಿಶೇಷ ನಿರ್ಣಯಕ್ಕೆ ಮೊದಲು. ಆ ನಿರ್ಣಯ ಪಾಸಾಗಲು ಪರ ಮತ ವಿರುದ್ಧ ಮತದ ಮೂರು ಪಟ್ಟಾದರೂ ಇರಬೇಕು, ಆ ಮತಗಳು ಈಗ ನಿಮ್ಮ ಮನೆಯವರ ಕೈಯಲ್ಲೇ ಇವೆ. ಈ ಲೆಕ್ಕದ ಹಾಳೆ ಹಿಡಿದು ನಿಮ್ಮ ಸಿಎ ಜೊತೆ ಒಂದು ಗಂಟೆ ಕೂತು, ಆಮೇಲೆ ಮತಕ್ಕೆ ಕೈ ಎತ್ತಿ.