ಕಂಟ್ರೋಲರ್ ಒಡೆದ ಸ್ಕ್ವೀಝ್‌ಬಾಕ್ಸ್ ಡ್ಯುಯೆಟ್‌ನಲ್ಲಿ ಮತ್ತೆ ಹಾಡು ಬಂತು: ನನ್ನ ಅನುಭವ

"ಗುಜರಿಗೆ ಹಾಕು ಮಾರಾಯ" ಅಂದವರೇ ಎಲ್ಲರೂ. ಈಗ ಹಾಲ್‌ನಲ್ಲಿ ಬಿಳಿ ದೀಪ ಉರಿಯುತ್ತಿದೆ, ಹಾಡೂ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಕ್ವೀಝ್‌ಬಾಕ್ಸ್ ಡ್ಯುಯೆಟ್ ಅಂದರೆ ಮನೆಯ ಕಂಪ್ಯೂಟರ್‌ನಲ್ಲಿರುವ (ಅದೇ ಸರ್ವರ್) ಹಾಡನ್ನು ನೆಟ್‌ವರ್ಕ್ ಮೂಲಕ ಸ್ಟೀರಿಯೋಗೆ ತರುವ ಜೋಡಿ: ಸ್ಟೀರಿಯೋಗೆ ಸಿಕ್ಕಿಸುವ ರಿಸೀವರ್, ಕೈಯಲ್ಲಿ ಹಿಡಿಯುವ ಪರದೆಯ ಕಂಟ್ರೋಲರ್. 2008ರಲ್ಲಿ ಬಂತು, ಬೆಲೆ 399 ಡಾಲರ್. ಆಗಿನ ಲೆಕ್ಕಕ್ಕೆ ಹದಿನಾರು ಸಾವಿರ ರೂಪಾಯಿ ಹತ್ತಿರ. 2012ಕ್ಕೆ ಅದನ್ನು ತಯಾರಿಸುತ್ತಿದ್ದ ಲಾಜಿಟೆಕ್ ಸ್ಕ್ವೀಝ್‌ಬಾಕ್ಸ್ ಹೆಸರನ್ನೇ ಕೈಬಿಟ್ಟಿತು. ನನ್ನದು ಭಾವ ಅಮೆರಿಕದಿಂದ ತಂದದ್ದು. ಕಂಟ್ರೋಲರ್ ನನ್ನ ಕೈಯಿಂದಲೇ ಜಾರಿ ಬಿದ್ದು ಪರದೆ ಚೂರಾಯಿತು. ಉಳಿದದ್ದು ರಿಸೀವರ್. ಪರದೆ ಇಲ್ಲ, ಇರೋದು ಒಂದೇ ಬಟನ್. ಹೊಸ ರೂಟರ್ ಹಾಕಿಸಿದ ಮೇಲೆ ಅದಕ್ಕೆ ಸರ್ವರ್ ದಾರಿ ತೋರಿಸೋರು ಯಾರು?

ಕಂಟ್ರೋಲರ್ ಇಲ್ಲದೆ ಲ್ಯಾಪ್‌ಟಾಪ್‌ನಿಂದಲೇ ರಿಸೀವರ್ ಸೆಟಪ್ ಮಾಡುವ, ನೆಟ್-ಯುಡ್ಯಾಪ್ ಅನ್ನುವ ಪರ್ಲ್ ಸ್ಕ್ರಿಪ್ಟ್ ಹಿಡಿದು ಕೂತೆ. ಬಟನ್ ಒತ್ತಿ ಹಿಡಿದರೆ ಕೆಂಪು ದೀಪ ನಿಧಾನಕ್ಕೆ ಮಿಣುಕಿತು, ಅಂದರೆ ಸೆಟಪ್‌ಗೆ ತಯಾರು. ರಿಸೀವರ್ ಹುಡುಕುವ ಡಿಸ್ಕವರ್ ಆದೇಶ ಕೊಟ್ಟೆ, ಏನೂ ಇಲ್ಲ. ಮೂರು ರಾತ್ರಿ ಇದೇ ಕಥೆ. ಕೇಬಲ್, ಸ್ವಿಚ್ ಬದಲಿಸಿದೆ, ಆರುನೂರು ಏಳುನೂರು ರೂಪಾಯಿ ದಂಡ. ಅಡಾಪ್ಟರ್ ಮೇಲೆ ಅನುಮಾನ ಬಂದು ಎಸ್.ಪಿ. ರೋಡಿಂದ 9 ವೋಲ್ಟ್‌ದು ತಂದೆ, ಇನ್ನೊಂದು 250. ಹಳೆಯದು ಚೆನ್ನಾಗಿಯೇ ಇತ್ತು! ಕೊನೆಗೆ ಗೊತ್ತಾಯಿತು, ಲ್ಯಾಪ್‌ಟಾಪ್‌ನ ವೈಫೈ ಆನ್ ಇಟ್ಟಿದ್ದೆ. ರಿಸೀವರ್ ಹುಡುಕಲು ಎಲ್ಲರಿಗೂ ಕಳಿಸುವ ಬ್ರಾಡ್‌ಕಾಸ್ಟ್ ಕರೆ ಎಲ್ಲ ತಂತಿ ಬಿಟ್ಟು ಆ ಕಡೆ ಹೋಗುತ್ತಿತ್ತು. ವೈಫೈ ಆಫ್ ಮಾಡಿದೆ, ಫೈರ್‌ವಾಲ್‌ನಲ್ಲಿ ಈ ಮಾತುಕತೆ ನಡೆಯುವ ಯುಡಿಪಿ ಪೋರ್ಟ್ 17784ಕ್ಕೆ ದಾರಿ ಬಿಟ್ಟೆ. ಎರಡು ಸೆಕೆಂಡ್‌ನಲ್ಲಿ ರಿಸೀವರ್ ಮ್ಯಾಕ್ ಅಡ್ರೆಸ್ ಸಮೇತ ಪಟ್ಟಿಯಲ್ಲಿ ಬಂತು. ರಾತ್ರಿ ಒಂದೂವರೆಗೆ ಕೂಗಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ.

ರಿಸೀವರ್‌ನ ಸಂಪರ್ಕವನ್ನು ತಂತಿಗೆ ಹಾಕಿ, ಸರ್ವರ್‌ನ ಐಪಿ ವಿಳಾಸ ಬರೆದು ರೀಸೆಟ್ ಮಾಡಿದೆ. ದೀಪ ನೀಲಿಯಲ್ಲೇ ನಿಂತಿತು, ಅಂದರೆ ನೆಟ್‌ವರ್ಕ್ ಸಿಕ್ಕಿದೆ, ಸರ್ವರ್ ಸಿಕ್ಕಿಲ್ಲ. ಸರ್ವರ್ ಓಡುವ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಅಷ್ಟರಲ್ಲಿ ಬೇರೆ ಐಪಿ ಬಂದಿತ್ತು! ಆ ಐಪಿ ಬದಲಾಗದಂತೆ ಫಿಕ್ಸ್ ಮಾಡಿದ ಮೇಲೇ ಬಿಳಿ, ಅಂದರೆ ಸರ್ವರ್ ಸಿಕ್ಕಿತು. 2024ರಲ್ಲಿ ಲಾಜಿಟೆಕ್ ಸ್ಕ್ವೀಝ್‌ಬಾಕ್ಸ್‌ನ ಆನ್‌ಲೈನ್ ಸೇವೆ ಮುಚ್ಚಿದರೂ ಸರ್ವರ್ ತಂತ್ರಾಂಶ ಲಿರಿಯನ್ ಅನ್ನೋ ಹೊಸ ಹೆಸರಲ್ಲಿ ಬದುಕಿದೆ, ಅದೇ ಪುಣ್ಯ.

ವೈಫೈನಲ್ಲೂ ನೋಡಿದೆ. ಇದು ಹಳೆಯ 802.11ಜಿ ವೈಫೈ, 2.4 ಗಿಗಾಹರ್ಟ್ಸ್ ಮಾತ್ರ. ಗೆಸ್ಟ್ ನೆಟ್‌ವರ್ಕ್ ತೆರೆದು ಡಬ್ಲ್ಯುಪಿಎ2 ಭದ್ರತೆ ಕೊಟ್ಟರೆ ಸೇರುತ್ತದೆ, ಆದರೆ ಮೈಕ್ರೋವೇವ್ ಶುರುವಾದರೆ ಫ್ಲ್ಯಾಕ್ (ಗುಣಮಟ್ಟ ಕಳೆಯದ ದೊಡ್ಡ ಹಾಡಿನ ಫೈಲ್) ತೊದಲುತ್ತದೆ. ತಂತಿಯೇ ವಾಸಿ.

ಸುಮ್ನೆ ಇರಲಾರದೆ ಅಡುಗೆಮನೆಯಲ್ಲಿ ಇನ್ನೊಂದು ಪೈಗೆ ಅದನ್ನೇ ಪ್ಲೇಯರ್ ಮಾಡುವ ಸ್ಕ್ವೀಝ್‌ಲೈಟ್ ತಂತ್ರಾಂಶ ಹಾಕಿ, ಅದೂ ಹಾಲ್‌ನ ರಿಸೀವರೂ ಒಟ್ಟಿಗೆ ಹಾಡುವಂತೆ ಸಿಂಕ್ ಮಾಡಿದೆ. ಮೊದಲು ಮೃದಂಗಕ್ಕೆ ಜೋಡಿ ಪೆಟ್ಟು ಕೇಳುತ್ತಿತ್ತು. ಡಿಲೇ ಸರಿಮಾಡಿದ ಮೇಲೆ ಬಾಗಿಲಲ್ಲಿ ನಿಂತರೂ ಒಂದೇ ಪೆಟ್ಟು. ಎಷ್ಟು ಮಿಲಿಸೆಕೆಂಡ್ ಅಂತ ಕೇಳಬೇಡಿ. ಅದಕ್ಕೆ ಒಂದು ಭಾನುವಾರ ಪೂರ್ತಿ ಹೋಗಿದೆ, ನಿಮ್ಮದೂ ಹೋಗಲಿ.